'ಮನೆಮಾತು' ಹರಾಜಾದ ಕಥೆ

ಕಥೆ ಬರೆಯುವ ಗೆಳೆಯನೊಬ್ಬ ತಿಂಗಳಿಗೊಂದು ಇ-ಪತ್ರಿಕೆ ಕಳಿಸ್ತೀನಿ ಅಂತ ಹೊರಟಿದ್ದಾನೆ. ಬರಹವೆಲ್ಲ ರೆಡಿ. ಲೋಗೋ ಯಾವುದು, ಬಣ್ಣ ಯಾವುದು, ಹೆಸರು ಏನು ಅನ್ನೋದೇ ಈಗ ಅವನ ತಲೆನೋವು. ಈ ತಲೆನೋವು ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸ್ ಇದನ್ನೆಲ್ಲ ಪಟ್ಟಿದ್ದ, ನಮಗಿಂತ ಜೋರಾಗಿಯೇ!

ಡಿಕನ್ಸ್ ತನ್ನ ದೊಡ್ಡ ಕಾದಂಬರಿಗಳನ್ನು ತಿಂಗಳಿಗೊಂದು ಕಂತಿನಂತೆ ಮಾರುತ್ತಿದ್ದ. 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲಿಂಗ್. ಮೇಲೆ ತೆಳು ಹಸಿರು ಕಾಗದದ ಹೊದಿಕೆ, ಅದರ ತುಂಬ ಚಿತ್ರ. 1836ರಲ್ಲಿ 'ಪಿಕ್‌ವಿಕ್ ಪೇಪರ್ಸ್'ನಿಂದ ಶುರುವಾದ ಈ ಹಸಿರನ್ನು ಅವನು ಕೊನೆವರೆಗೂ ಬಿಡಲಿಲ್ಲ. ಆಮೇಲೆ ಥ್ಯಾಕರೆ ಬಂದಾಗ ಅವನ ಕಂತುಗಳಿಗೆ ಹಳದಿ ಹೊದಿಕೆ. ಚಾರ್ಲ್ಸ್ ಲೀವರ್‌ಗೆ ಗುಲಾಬಿ. ಅಂಗಡಿ ಮುಂದೆ ನಿಂತವನು ಹೆಸರು ಓದುವ ಮೊದಲೇ ಬಣ್ಣ ನೋಡಿ ಯಾರ ಕಥೆ ಅಂತ ಗುರುತು ಹಿಡಿಯಬಹುದಿತ್ತು.

ತಮಾಷೆ ಏನು ಗೊತ್ತಾ? ಪಿಕ್‌ವಿಕ್‌ನ ಹೊದಿಕೆಗೂ ಒಳಗಿನ ಕಥೆಗೂ ಅಷ್ಟಕ್ಕಷ್ಟೇ. ಬೇಟೆ, ಮೀನು ಹಿಡಿಯುವುದು ಇಂಥ ಹವ್ಯಾಸಿಗಳ ಪೇಚಾಟವನ್ನು ರಾಬರ್ಟ್ ಸೇಮೂರ್ ಎಂಬ ಚಿತ್ರಗಾರ ಬಿಡಿಸುವುದು, 24 ವರ್ಷದ ಡಿಕನ್ಸ್ ಅದಕ್ಕೆ ತಕ್ಕಂತೆ ಬರೆಯುವುದು ಅಂತ ಮೊದಲ ಯೋಜನೆ. ಹಾಗಾಗಿ ಹೊದಿಕೆ ಮೇಲೆ ದೋಣಿಯಲ್ಲಿ ಗಾಳ ಹಾಕಿಕೊಂಡೇ ನಿದ್ದೆ ಹೋದ ಪಿಕ್‌ವಿಕ್, ಹಕ್ಕಿಗೆ ಗುರಿಯಿಟ್ಟ ಅವನ ಗೆಳೆಯ. ಆದರೆ ಎರಡನೇ ಕಂತು ಬರುವ ಮೊದಲೇ ಸೇಮೂರ್ ಆತ್ಮಹತ್ಯೆ ಮಾಡಿಕೊಂಡ. ಕಥೆ ಡಿಕನ್ಸ್ ಕೈಗೆ ಬಂತು, ಬೇರೆಯೇ ದಾರಿ ಹಿಡಿಯಿತು. ಹೊದಿಕೆ ಮಾತ್ರ 1837ರ ಅಕ್ಟೋಬರ್‌ನಲ್ಲಿ ಕಥೆ ಮುಗಿಯುವವರೆಗೂ ಅದೇ! ಸಾವಿರ ಪ್ರತಿಯಿಂದ ಶುರುವಾಗಿದ್ದು ಸುಮಾರು 40,000 ತಲುಪಿತ್ತು. ಚಿತ್ರಕ್ಕೂ ಕಥೆಗೂ ತಾಳೆಯಾಗುತ್ತಾ ಅನ್ನುವುದಕ್ಕಿಂತ ಪ್ರತಿ ತಿಂಗಳೂ ಅದೇ ಮುಖ ಕಾಣುವುದೇ ಮುಖ್ಯವಾಯಿತು ಅಂತ ನನ್ನ ಲೆಕ್ಕ.

ಸೇಮೂರ್ ನಂತರ ಒಬ್ಬ ಚಿತ್ರಗಾರ ಬಂದುಹೋದ. ಆಮೇಲೆ ಬಂದ ಹ್ಯಾಬ್ಲೋ ನೈಟ್ ಬ್ರೌನ್, ಡಿಕನ್ಸ್‌ನ 'ಬಾಝ್' ಎಂಬ ಕಾವ್ಯನಾಮಕ್ಕೆ ಜೋಡಿಯಾಗಲಿ ಅಂತ 'ಫಿಝ್' ಎಂದು ಹೆಸರಿಟ್ಟುಕೊಂಡ. ಎಷ್ಟೋ ಕಾದಂಬರಿಗಳಿಗೆ ಅವನದೇ ಚಿತ್ರ. ಹೊದಿಕೆಯ ಕೆಲಸ ಸುಲಭದ್ದಲ್ಲ. ಮೊದಲ ಕಂತಿಗೇ ಅದು ಬೇಕು, ಕಥೆಯೋ ಇನ್ನೂ ಡಿಕನ್ಸ್ ತಲೆಯಲ್ಲಿ. ಕೋಡ್ ಬರೆಯುವ ಮೊದಲೇ ಸ್ಕ್ರೀನ್ ಮಾಡಿ ತೋರಿಸಿದ ಹಾಗೆ. ಮುಂದೇನಾಗುತ್ತೆ ಅನ್ನೋ ಸುಳಿವೂ ಇರಬೇಕು, ಗುಟ್ಟೂ ಬಿಡಬಾರದು.

ಇಷ್ಟೆಲ್ಲ ಚಿತ್ರದ ಮೇಲೆ ಬೆಳೆದ ಮನುಷ್ಯ 1850ರ ಮಾರ್ಚ್ 30ಕ್ಕೆ ಸ್ವಂತ ವಾರಪತ್ರಿಕೆ ಶುರುಮಾಡಿದಾಗ ಅದರಲ್ಲಿ ಒಂದೂ ಚಿತ್ರ ಇಲ್ಲ! ಹೆಸರು 'ಹೌಸ್‌ಹೋಲ್ಡ್ ವರ್ಡ್ಸ್'. ನಮ್ಮ 'ಮನೆಮಾತು' ಅನ್ನೋ ಪದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತೆ. ಶೇಕ್ಸ್‌ಪಿಯರ್‌ನಿಂದ ತೆಗೆದುಕೊಂಡದ್ದು. 24 ಪುಟ, ಪುಟಕ್ಕೆ ಎರಡು ಕಾಲಂ, ಬೆಲೆ ಎರಡು ಪೆನ್ಸ್. ಇದರಲ್ಲಿ ಲೋಗೋ ಅಂದರೆ ಡಿಕನ್ಸ್ ಹೆಸರೇ. ಪುಟ ತಿರುಗಿಸಿದಾಗಲೆಲ್ಲ ಮೇಲೆ 'ನಡೆಸುವವರು: ಚಾರ್ಲ್ಸ್ ಡಿಕನ್ಸ್' ಅಂತ ಇರುತ್ತಿತ್ತು. ಲೇಖನ ಬರೆದವರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎಲಿಜಬೆತ್ ಗ್ಯಾಸ್ಕೆಲ್ ಅವರ 'ಕ್ರ್ಯಾನ್‌ಫರ್ಡ್' 1851ರ ಡಿಸೆಂಬರ್‌ನಿಂದ ಬಂದದ್ದು ಹೀಗೆಯೇ. ಅದರಲ್ಲೊಂದು ಪಾತ್ರ ಪಿಕ್‌ವಿಕ್ ಓದಿ ಹೊಗಳುತ್ತೆ. ನನ್ನ ಪತ್ರಿಕೆಯಲ್ಲಿ ನನ್ನದೇ ಹೊಗಳಿಕೆ ಬೇಡ ಅಂತ ಡಿಕನ್ಸ್ ಅಲ್ಲಿ ಬೇರೆ ಪುಸ್ತಕದ ಹೆಸರು ಹಾಕಿದ. ಗ್ಯಾಸ್ಕೆಲ್‌ಗೆ ಅದು ಹಿಡಿಸಲಿಲ್ಲ. ಇದು ಅನಾಮಿಕ ಪತ್ರಿಕೆಯಲ್ಲ, 'ಏಕನಾಮಿಕ' ಪತ್ರಿಕೆ ಅಂತ ಡಗ್ಲಸ್ ಜೆರಾಲ್ಡ್ ಚುಚ್ಚಿದ್ದನೆಂಬ ಮಾತು ಪ್ರಸಿದ್ಧ.

ಮನೆಮಾತು ಅಂತ ಹೆಸರಿಟ್ಟವನ ಮನೆಯೇ 1858ರಲ್ಲಿ ಒಡೆಯಿತು. 22 ವರ್ಷ ಸಂಸಾರ ಮಾಡಿದ, ಹತ್ತು ಮಕ್ಕಳನ್ನು ಹೆತ್ತ ಹೆಂಡತಿ ಕ್ಯಾಥರೀನ್‌ಳಿಂದ ಡಿಕನ್ಸ್ ಬೇರೆಯಾದ. ಊರೆಲ್ಲ ಗುಸುಗುಸು. ಅದಕ್ಕೆ ಉತ್ತರ ಅಂತ ಜೂನ್ 12ರ ಸಂಚಿಕೆಯ ಮುಖಪುಟದಲ್ಲೇ ತನ್ನ ಹೇಳಿಕೆ ಹಾಕಿದ. ಪತ್ರಿಕೆಯ ಪಾಲುದಾರರಾದ ಬ್ರಾಡ್‌ಬರಿ ಅಂಡ್ ಎವನ್ಸ್ 'ಪಂಚ್' ಎಂಬ ನಗೆಪತ್ರಿಕೆಯನ್ನೂ ನಡೆಸುತ್ತಿದ್ದರು. ಅದರಲ್ಲಿ ಈ ಹೇಳಿಕೆ ಬರಲಿಲ್ಲ ಅಂತ ಅವರ ಜೊತೆ ಜಗಳ ತೆಗೆದು ಸಂಬಂಧವನ್ನೇ ಕಡಿದುಕೊಂಡ. ಕ್ಯಾಥರೀನ್‌ಗೆ ಉತ್ತರ ಕೊಡಲು ಪತ್ರಿಕೆ ಇರಲಿಲ್ಲ ಅನ್ನೋದನ್ನು ಮಾತ್ರ ಮರೆಯಬಾರದು.

ಹೊಸ ಪತ್ರಿಕೆಗೆ ಡಿಕನ್ಸ್ ಯೋಚಿಸಿದ ಹೆಸರುಗಳಲ್ಲಿ ಒಂದು 'ಹೌಸ್‌ಹೋಲ್ಡ್ ಹಾರ್ಮನಿ', ಅಂದರೆ ಮನೆಯ ಸಾಮರಸ್ಯ! ಜನ ನಗ್ತಾರೆ ಮಾರಾಯ ಅನ್ನೋ ಅರ್ಥದಲ್ಲಿ ಗೆಳೆಯ ಜಾನ್ ಫಾರ್‌ಸ್ಟರ್ ಬುದ್ಧಿ ಹೇಳಬೇಕಾಯಿತು. 1859ರ ಏಪ್ರಿಲ್ 30ಕ್ಕೆ 'ಆಲ್ ದ ಇಯರ್ ರೌಂಡ್' ಬಂತು, ಮೊದಲ ಸಂಚಿಕೆಯಿಂದಲೇ 'ಎ ಟೇಲ್ ಆಫ್ ಟೂ ಸಿಟೀಸ್' ಧಾರಾವಾಹಿ. ಹಳೆ ಹೆಸರು ಮೇ ತಿಂಗಳಲ್ಲಿ ಹರಾಜಿಗೆ ಬಂತು. ಯಾರು ಕೊಂಡದ್ದು ಅಂತೀರಾ? ಡಿಕನ್ಸೇ, 3,550 ಪೌಂಡ್‌ಗೆ. ಅದರಲ್ಲಿ ಅರ್ಧ ಪಾಲು ಮೊದಲೇ ಅವನದಿತ್ತು. ಕೊಂಡವನು ಹಳೆ ಪತ್ರಿಕೆಯನ್ನು ನಿಲ್ಲಿಸಿ, 'ಹೌಸ್‌ಹೋಲ್ಡ್ ವರ್ಡ್ಸ್ ಇದರಲ್ಲಿ ಸೇರಿದೆ' ಅಂತ ಹೊಸ ಹೆಸರಿನ ಕೆಳಗೆ ಹಾಕಿಸಿಕೊಂಡ. ತನ್ನ ಹೆಸರಿನಿಂದಲೇ ಬೆಳೆದ ಹೆಸರು ಬೇರೆಯವರ ಕೈಯಲ್ಲಿ ಇರಬಾರದು ಅನ್ನೋ ಹಟ. ಬ್ರಾಡ್‌ಬರಿ ಅಂಡ್ ಎವನ್ಸ್ ಅದೇ ಜುಲೈನಲ್ಲಿ 'ಒನ್ಸ್ ಎ ವೀಕ್' ಅಂತ ಬೇರೆ ವಾರಪತ್ರಿಕೆ ತೆಗೆದರು, ತುಂಬ ಚಿತ್ರ ಹಾಕಿ.

ನನ್ನ ಗೆಳೆಯನಿಗೆ ಹೇಳೋದಿಷ್ಟೇ. ಬಣ್ಣ ಯಾವುದಾದರೂ ಸರಿ, ಒಂದನ್ನು ಹಿಡಿದರೆ ಬಿಡಬೇಡ. ಹೆಸರು ಮಾತ್ರ ಯೋಚಿಸಿ ಇಡು, ಯಾರ ಕೈಯಲ್ಲಿರುತ್ತೆ ಅಂತ ಮೊದಲೇ ಬರೆದಿಟ್ಟುಕೋ.

ಅಂದಹಾಗೆ, 1870ರ ಜೂನ್ 9ಕ್ಕೆ ಡಿಕನ್ಸ್ ತೀರಿಕೊಂಡಾಗ 'ಎಡ್ವಿನ್ ಡ್ರೂಡ್' ಕಾದಂಬರಿ ಅರ್ಧಕ್ಕೇ ನಿಂತಿತು. ಹನ್ನೆರಡು ಕಂತಿನಲ್ಲಿ ಬಂದದ್ದು ಆರು. ಅಳಿಯ ಚಾರ್ಲ್ಸ್ ಕಾಲಿನ್ಸ್ ರೂಪಿಸಿದ ಹಸಿರು ಹೊದಿಕೆಯ ಕೆಳಭಾಗದಲ್ಲಿ, ಲಾಂದ್ರ ಹಿಡಿದು ಬಂದ ಒಬ್ಬನ ಎದುರು ಕತ್ತಲಲ್ಲಿ ಇನ್ನೊಬ್ಬ ನಿಂತಿದ್ದಾನೆ. ಅವನು ಡ್ರೂಡೋ, ಬೇರೆ ಯಾರೋ? ಓದುಗರು ಇವತ್ತಿಗೂ ಜಗಳ ಆಡ್ತಾನೇ ಇದ್ದಾರೆ.