ಹೆಣಿಗೆಯ ಕಸುಬು ವಿನೋದವಾದ ಬಗೆ

ಬಿಡುವಿನ ವೇಳೆಗೆ ಹೊಸದೊಂದು ಕೈಕೆಲಸವನ್ನು ಕಲಿಯೋಣವೆಂಬ ಆಶೆ ಪಟ್ಟಣವಾಸಿಗಳಾದ ನಮ್ಮಲ್ಲಿ ಆಗಾಗ ಮೊಳೆಯುವುದುಂಟು. ಒಬ್ಬರು ಚಿತ್ರ ಬರೆಯಲು ತೊಡಗುತ್ತಾರೆ; ಒಬ್ಬರು ಮರಗೆಲಸಕ್ಕೆ ಕೈಹಾಕುತ್ತಾರೆ; ಇನ್ನೊಬ್ಬರು ಎರಡು ಕಡ್ಡಿಗಳನ್ನೂ ಒಂದು ಉಂಡೆ ಉಣ್ಣೆಯ ನೂಲನ್ನೂ ಕೊಂಡುತಂದು ಮನೆಯ ಕೂಸಿಗೆ ಟೋಪಿ ಹೆಣೆಯಲು ಕುಳಿತುಕೊಳ್ಳುತ್ತಾರೆ. ಮೊದಲ ದಿನ ಕುಣಿಕೆಗಳು ಬಿಗಿಯಾಗಿ ಕಡ್ಡಿಯನ್ನೇ ಕಚ್ಚಿಕೊಳ್ಳುತ್ತವೆ. ಎರಡನೆಯ ದಿನ ಸಡಿಲಗೊಂಡು ಜಾರಿಬೀಳುತ್ತವೆ. ಕೆಲವು ವಾರಗಳಲ್ಲಿ ಕೈಗೆ ಲಯ ಹತ್ತಿತೆಂದರೆ ಆ ಸಂತೋಷವೇ ಬೇರೆ. ಇದನ್ನು ನಾವು ವಿನೋದವೆನ್ನುತ್ತೇವೆ. ಆದರೆ ಹೆಣಿಗೆಗೆ ಈ ಹೆಸರು ಬಂದು ಸುಮಾರು 200 ವರ್ಷಗಳಾಗಿರಬಹುದು, ಅಷ್ಟೆ. ಅದಕ್ಕೆ ಹಿಂದೆ ಅದು ಹೊಟ್ಟೆಯ ಪಾಡಾಗಿದ್ದಿತು.

ಹೆಣೆಯುವುದೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಜಡೆಯನ್ನು ಹೆಣೆಯುತ್ತೇವೆ, ಚಾಪೆಯನ್ನು ಹೆಣೆಯುತ್ತೇವೆ, ಬುಟ್ಟಿಯನ್ನು ಹೆಣೆಯುತ್ತೇವೆ. ಕಡ್ಡಿಗಳಿಂದ ನೂಲನ್ನು ಹೆಣೆಯುವ ವಿದ್ಯೆ ಮಾತ್ರ ನಮ್ಮ ನಾಡಿಗೆ ಐರೋಪ್ಯರೊಡನೆ ಬಂದದ್ದು. ನಮ್ಮ ಕಂಬಳಿ ನೇಯ್ಗೆಯ ವಸ್ತು; ಅದರಲ್ಲಿ ಹಾಸು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳುಂಟು. ಹೆಣಿಗೆಯಲ್ಲಿಯೋ ಎಳೆ ಒಂದೇ. ಅದು ತನ್ನ ಕುಣಿಕೆಯೊಳಗಿಂದ ತಾನೇ ಮತ್ತೊಂದು ಕುಣಿಕೆಯಾಗಿ ಹೊರಡುತ್ತ ಬಟ್ಟೆಯಾಗುತ್ತದೆ. ಆದಕಾರಣವೇ ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಪಾದದ ತಿರುವಿಗೆ ಒಪ್ಪವಾಗಿ ಕೂರುತ್ತದೆ. ಇದಕ್ಕೆ ಮಗ್ಗ ಬೇಡ, ಮಗ್ಗವನ್ನು ಹೂಡುವ ಜಾಗ ಬೇಡ. ನಮ್ಮ ಕುರುಬರು ಕುರಿಗಳ ಹಿಂದೆ ನಡೆಯುತ್ತಲೇ ಉಣ್ಣೆಯನ್ನು ನೂಲುವಂತೆ, ನಡೆಯುತ್ತಲೇ ಹೆಣೆಯಬಹುದು. ಬಡವರ ಮನೆಗಳಲ್ಲಿ ಈ ಕೆಲಸ ಬೇರೂರಿದುದಕ್ಕೆ ಈ ಸೌಕರ್ಯವೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಇದರ ಮೂಲವನ್ನು ಹುಡುಕುತ್ತ ಹೋದರೆ ಈಜಿಪ್ಟ್ ದೇಶಕ್ಕೆ ಬರುತ್ತೇವೆ. ಅಲ್ಲಿ ದೊರೆತಿರುವ ಹತ್ತಿಯ ಕಾಲುಚೀಲಗಳು, ನೀಲಿ ಬಿಳಿ ಬಣ್ಣದವು, ಬಲು ಪ್ರಾಚೀನವಾದುವು. ಯೂರೋಪಿನಲ್ಲಿ 1400ರ ಸುಮಾರಿನ ಒಂದು ಜರ್ಮನ್ ಚಿತ್ರದಲ್ಲಿ ಕ್ರಿಸ್ತನ ತಾಯಿ ಮರಿಯಳು ನಾಲ್ಕು ಕಡ್ಡಿಗಳಿಂದ ಮಗನಿಗೆ ಅಂಗಿ ಹೆಣೆಯುತ್ತಿದ್ದಾಳೆ. ಪಟ್ಟಣಗಳಲ್ಲಿ ಇದು ಗಂಡಸರ ಕಸುಬೂ ಆಗಿದ್ದು, ಅವರು ಶ್ರೇಣಿಗಳನ್ನು ಕಟ್ಟಿಕೊಂಡು, ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದವರನ್ನು ಮಾತ್ರ ಒಳಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಹಳ್ಳಿಗಳ ಪಾಡು ಹೇಗಿದ್ದಿತೆಂಬುದನ್ನು ತಿಳಿಯಲು ಇಂಗ್ಲೆಂಡಿನ ಉತ್ತರದ ಕಣಿವೆಗಳಿಗೆ ಹೋಗಬೇಕು. ಅಲ್ಲಿ ಡೆಂಟ್ ಎಂಬ ಊರು. ಗಂಡಸು, ಹೆಂಗಸು, ಮಗು ಎಂಬ ಭೇದವಿಲ್ಲದೆ ಊರಿಗೆ ಊರೇ ಕಾಲುಚೀಲ ಹೆಣೆಯುತ್ತಿದ್ದಿತು. ಚಳಿಗಾಲದ ರಾತ್ರಿ ಹಲವು ಮನೆಯವರು ಒಂದೇ ಬೆಂಕಿಯ ಸುತ್ತ ಕುಳಿತು, ಮೈಯನ್ನು ಲಯಕ್ಕೆ ತೂಗುತ್ತ, ಹಾಡುತ್ತ ಹೆಣೆಯುತ್ತಿದ್ದರು. ನೆರೆಹೊರೆಯವರು ಇವರನ್ನು ‘ಡೆಂಟಿನ ಭಯಂಕರ ಹೆಣಿಗೆಯವರು’ ಎಂದು ಕರೆದರು. ನಮ್ಮಲ್ಲಿಯೂ ಕೆಲಸಗಾರನನ್ನು ಹೊಗಳುವಾಗ ‘ಭಯಂಕರ ಆಳು’ ಎನ್ನುವುದುಂಟಷ್ಟೆ, ಅದೇ ಅರ್ಥ. ಆದರೆ ಆ ಮಾತಿನ ಇನ್ನೊಂದು ಅರ್ಥವೂ ಸುಳ್ಳಲ್ಲ. ಆಂಗ್ಲ ಆಸ್ಥಾನಕವಿ ರಾಬರ್ಟ್ ಸೌದೆಯ ‘ದಿ ಡಾಕ್ಟರ್’ ಎಂಬ ಗ್ರಂಥದಲ್ಲಿ ಒಬ್ಬ ವೃದ್ಧೆ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾಳೆ. ಅವಳನ್ನೂ ಅವಳ ತಂಗಿಯನ್ನೂ ಹೆಣಿಗೆ ಕಲಿಯಲೆಂದು ಲ್ಯಾಂಗ್ಡೇಲಿನಿಂದ ಡೆಂಟಿಗೆ ಕಳುಹಿದ್ದರು. ಇಬ್ಬರೂ ಇನ್ನೂ ಚಿಕ್ಕ ಮಕ್ಕಳು. ಬೆಳಗಿನಿಂದ ರಾತ್ರಿಯವರೆಗೆ ಹೆಣೆದು ಹೆಣೆದು ಬೇಸತ್ತು, ಊಟವೂ ಸೇರದೆ, ಕೊನೆಗೆ ಇಬ್ಬರೂ ಯಾರಿಗೂ ಹೇಳದೆ ಹೊರಟು ಬೆಟ್ಟದ ದಾರಿಯನ್ನು ನಡೆದು ತಾಯಿಯ ಮನೆಯನ್ನು ಸೇರಿದರು. ಹೊಸ ಕೈಕೆಲಸವನ್ನು ಕಲಿಯುವುದೆಂದರೆ ಆ ಮಕ್ಕಳಿಗೆ ಇದಾಗಿದ್ದಿತು.

ಇಂಥ ಕೈಗಳ ಕೂಲಿಗೆ ಯಂತ್ರ ಬಹು ಹಿಂದೆಯೇ ಕಣ್ಣಿಟ್ಟಿದ್ದಿತು. 1589ರಲ್ಲಿ ನಾಟಿಂಗ್‌ಹ್ಯಾಮಿನ ಬಳಿಯ ಕ್ಯಾಲ್ವರ್ಟನ್ ಗ್ರಾಮದ ವಿಲಿಯಂ ಲೀ ಎಂಬವನು ಕಾಲುಚೀಲದ ಯಂತ್ರವನ್ನು ಕಲ್ಪಿಸಿದನು. ತಾನು ಪ್ರೀತಿಸಿದ ಕನ್ಯೆ ತನ್ನ ಕಡೆ ನೋಡದೆ ಹೆಣಿಗೆಯನ್ನೇ ನೋಡುತ್ತಿದ್ದಳೆಂಬ ಸಿಟ್ಟಿನಿಂದ ಅದನ್ನು ಮಾಡಿದನೆಂದು ಕಥೆಯುಂಟು, ನಾವಂತೂ ನಂಬುವುದಿಲ್ಲ. ಬಡ ಹೆಣಿಗೆಯವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರವನ್ನು ನಿರಾಕರಿಸಿದಳೆಂಬ ಪ್ರತೀತಿಯೂ ಇದೆ. ಲೀ ಫ್ರಾನ್ಸಿಗೆ ಹೋಗಿ ಅಲ್ಲಿಯೇ ತೀರಿಕೊಂಡನು. ಯಂತ್ರ ಮಾತ್ರ ಹಿಂದಿರುಗಿ ಬಂದು ಇಂಗ್ಲೆಂಡಿನಲ್ಲಿ ಹಬ್ಬಿತು. ಇಂದು ನಾವು ಅಂಗಿಯ ಒಳಗೆ ತೊಡುವ ಬನಿಯನ್ನು ಆ ಯಂತ್ರದ ವಂಶದ್ದೇ.

ಯಂತ್ರವನ್ನು ನಡೆಯಿಸಿದವರಿಗೂ ಸುಖವಾಗಲಿಲ್ಲ. 1811ರಲ್ಲಿ ನಾಟಿಂಗ್‌ಹ್ಯಾಮಿನ ಯಂತ್ರಗಳನ್ನು ಒಡೆದವರು ಬೇರೆ ಯಾರೂ ಅಲ್ಲ, ಅದೇ ಯಂತ್ರಗಳಲ್ಲಿ ದುಡಿಯುತ್ತಿದ್ದವರು. ಅಗಲವಾದ ಬಟ್ಟೆಯನ್ನು ಕತ್ತರಿಸಿ ಹೊಲಿದ ಕಳಪೆ ಕಾಲುಚೀಲಗಳಿಂದ ಕೂಲಿಯೂ ಕಸುಬಿನ ಮರ್ಯಾದೆಯೂ ಹಾಳಾದುವೆಂಬುದು ಅವರ ದೂರು. 1812ರಲ್ಲಿ ಯಂತ್ರ ಮುರಿದವರಿಗೆ ಮರಣದಂಡನೆಯ ಕಾನೂನಾಯಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ಮಾಡಿದ ಮೊದಲ ಭಾಷಣ ಈ ಕಾನೂನನ್ನು ವಿರೋಧಿಸಿಯೇ.

ಕೈಹೆಣಿಗೆಯ ಕೂಲಿ ಹೀಗೆ ಕ್ಷೀಣಿಸುತ್ತ ಬಂದ ದಶಕಗಳಲ್ಲಿಯೇ ಅನುಕೂಲಸ್ಥರ ಮನೆಗಳಲ್ಲಿ ಹೆಣಿಗೆ ವಿನೋದವಾಗಿ ಕಾಣಿಸಿಕೊಂಡಿತು. 1840ರಲ್ಲಿ ಎಡಿನ್‌ಬರೋ ನಗರದ ಜೇನ್ ಗೋಗೇನ್ ಎಂಬಾಕೆಯೂ 1843ರಲ್ಲಿ ಫ್ರಾನ್ಸಿಸ್ ಲ್ಯಾಂಬರ್ಟ್ ಎಂಬಾಕೆಯೂ ಹೆಣಿಗೆಯ ಮಾದರಿಗಳನ್ನು ಪುಸ್ತಕಗಳಾಗಿ ಅಚ್ಚುಮಾಡಿದರು. ಡೆಂಟಿನ ಮುದುಕಿಗೆ ಪುಸ್ತಕ ಬೇಕಿರಲಿಲ್ಲ. ಅವಳ ಬೆರಳಿಗೆ ಅದು ಬಾಯಿಪಾಠವಾಗಿತ್ತು. ಕೂಲಿಗೆ ಹೆಣೆಯಬೇಕಾಗಿಲ್ಲದ ಹೆಂಗಸರಿಗೆ ಪುಸ್ತಕ ಬೇಕಾಯಿತು. ಇವರನ್ನು ನಾವು ಹೀಗಳೆಯುವುದಿಲ್ಲ. ಬಾಯಿಂದ ಬಾಯಿಗೆ ಬಂದು ಮರೆತುಹೋಗಬಹುದಾಗಿದ್ದ ಎಷ್ಟೋ ಮಾದರಿಗಳು ಕಾಗದದ ಮೇಲೆ ನಿಂತದ್ದು ಇಂಥವರಿಂದಲೇ.

ಆದರೂ ಎರಡು ಲೋಕಗಳ ಅಂತರವನ್ನು ಮರೆಯಲಾಗದು. ಸ್ಕಾಟ್ಲೆಂಡಿನ ಉತ್ತರಕ್ಕೆ ಕಡಲಿನ ನಡುವಣ ಶೆಟ್ಲೆಂಡ್ ದ್ವೀಪಗಳಲ್ಲಿ ಗಂಡಸರು ಮೀನಿಗೆ ಹೋದರೆ ಹೆಂಗಸರು ಹೆಣೆಯುತ್ತಿದ್ದರು. ಸೊಂಟಕ್ಕೊಂದು ತೊಗಲಿನ ಪಟ್ಟಿ. ಅದರಲ್ಲಿ ಕುದುರೆಯ ಕೂದಲು ತುಂಬಿದ, ರಂಧ್ರಗಳುಳ್ಳ ಒಂದು ಮೆತ್ತೆ. ಕಡ್ಡಿಯ ಒಂದು ತುದಿಯನ್ನು ಆ ರಂಧ್ರಕ್ಕೆ ಸಿಕ್ಕಿಸಿದರೆ ಒಂದು ಕೈಗೆ ಅದರ ಭಾರ ತಪ್ಪುತ್ತದೆ. ಬೆನ್ನಿನ ಮೇಲೆ ಬುಟ್ಟಿ ಹೊತ್ತು ನಡೆಯುತ್ತಲೂ ಹೆಣೆಯಬಹುದು. ಮದುವೆಯ ಉಂಗುರದೊಳಗೆ ತೂರಿಸಿ ಎಳೆಯಬಹುದಾದಷ್ಟು ನವುರಾದ ಶಾಲುಗಳು ಇವರ ಕೈಯಿಂದ ಹೊರಟುವು. ಅವನ್ನು ಕೊಂಡ ವರ್ತಕರು ಹಣ ಕೊಡುತ್ತಿರಲಿಲ್ಲ. ತಮ್ಮ ಅಂಗಡಿಯ ಚಹಾ ಮತ್ತು ಬಟ್ಟೆಯನ್ನು ಕೊಡುತ್ತಿದ್ದರು. 1872ರಲ್ಲಿ ಸರ್ಕಾರದ ವಿಚಾರಣೆಯ ಮುಂದೆ ಈ ಹೆಂಗಸರೇ ಬಂದು ಸಾಕ್ಷ್ಯ ನುಡಿದರು. ಚಹಾವನ್ನು ರೈತರ ಮನೆಗೆ ಹೊತ್ತು, ಸಿಕ್ಕಷ್ಟು ಹಿಟ್ಟಿಗೆ ಬದಲಾಯಿಸಿಕೊಂಡು ಬರಬೇಕಾಗಿತ್ತಂತೆ. ಶ್ರೀಮಂತರ ಹೆಗಲಿಗೆ ಶಾಲು ಹೆಣೆದವಳ ಮನೆಯಲ್ಲಿ ಚಹಾ ಉಂಟು, ರೊಟ್ಟಿಯಿಲ್ಲ.

1922ರಲ್ಲಿ ಇಂಗ್ಲೆಂಡಿನ ಯುವರಾಜನು ಅದೇ ಸೀಮೆಯ ಫೇರ್ ಐಲ್ ದ್ವೀಪದ ಬಣ್ಣಬಣ್ಣದ ಹೆಣಿಗೆಯ ಅಂಗಿಯನ್ನು ತೊಟ್ಟು ಗಾಲ್ಫ್ ಆಡಲು ಬಂದನು. ಆ ಮಾದರಿಗೆ ಲೋಕವೆಲ್ಲ ಬೇಡಿಕೆ ಹುಟ್ಟಿತು. ಯಂತ್ರಗಳೂ ಅದನ್ನು ನಕಲು ಮಾಡತೊಡಗಿದುವು. ದ್ವೀಪಗಳ ಶಾಲೆಗಳಲ್ಲಿ ಬಹುಕಾಲ ನಡೆದುಬಂದಿದ್ದ ಹೆಣಿಗೆಯ ಪಾಠವನ್ನು 2010ರ ಸುಮಾರಿಗೆ ಖರ್ಚಿನ ಕಾರಣದಿಂದ ನಿಲ್ಲಿಸಿದರು. ಆ ಬಳಿಕ ಅನುಭವಿಗಳಾದ ಹೆಂಗಸರು ಸಂಬಳವಿಲ್ಲದೆ ತಾವಾಗಿ ಶಾಲೆಗಳಿಗೆ ಬಂದು, ಮನಸ್ಸುಳ್ಳ ಮಕ್ಕಳನ್ನು ಕೂರಿಸಿಕೊಂಡು ಕಲಿಸಲು ಮೊದಲುಮಾಡಿದರು. ಚಹಾಕ್ಕಾಗಿ ಹೆಣೆದವರ ಮರಿಮಕ್ಕಳು ಈಗ ಬೇಕೆಂದು ಕೇಳಿ, ಅದೇ ತೊಗಲಿನ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಮೊದಲ ಕುಣಿಕೆಯನ್ನು ಕಡ್ಡಿಗೆ ಏರಿಸುತ್ತಾರೆ.