ಪಾಷಾಣ ಎಷ್ಟು ಅಲ್ಲ, ಯಾವುದು: ಕಿರದಳ್ಳಿ ತಾಂಡಾದ ನೀರಿನ ಕಥೆ

ಇವತ್ತಿನ ಕಂತು ಒಂದು ಅಂಕಿಯಿಂದ ಶುರು ಮಾಡ್ತೀನಿ: 303.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು, ಕಿರದಳ್ಳಿ ತಾಂಡಾ. ಪಕ್ಕದಲ್ಲೇ ಮಂಗಳೂರು ಅನ್ನೋ ಊರಿನ ಹಳೇ ಚಿನ್ನದ ಗಣಿ. ಕಡಲ ತೀರದ ಮಂಗಳೂರಲ್ಲ, ಇದು ಸುರಪುರ ಸೀಮೆಯ ಮಂಗಳೂರು. ಅಲ್ಲಿನ ಒಂದು ಕೊಳವೆಬಾವಿಯ ನೀರಲ್ಲಿ ಲೀಟರಿಗೆ 303 ಮೈಕ್ರೋಗ್ರಾಂ ಆರ್ಸೆನಿಕ್ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹಾಕಿದ ಮಿತಿ 10. ಅಂದ್ರೆ ಮೂವತ್ತು ಪಟ್ಟು.

ಈ ಲೆಕ್ಕ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ್ದು. ಬಂಗಾಳದ ಆರ್ಸೆನಿಕ್ ಸಂಕಟವನ್ನ ಜಗತ್ತಿಗೆ ತೋರಿಸಿಕೊಟ್ಟ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅದರ ಮುಂದಾಳು, ಜೊತೆಗೆ ನಮ್ಮ ವಿಜಯಪುರದ ಬಿಎಲ್‌ಡಿಇ ಸಂಶೋಧಕರೂ ಇದ್ದರು. 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ 79ರಷ್ಟು ಮಿತಿ ಮೀರಿದ್ದವು. ಕೂದಲು, ಉಗುರು ಪರೀಕ್ಷೆ ಮಾಡಿಸಿಕೊಂಡ 171 ಜನರಲ್ಲಿ ಒಬ್ಬರೂ ಬಿಡದಂತೆ ಎಲ್ಲರಲ್ಲೂ ಆರ್ಸೆನಿಕ್ ಜಾಸ್ತಿ. 181 ಜನರನ್ನ ವೈದ್ಯರು ನೋಡಿದರೆ, ಶೇ 58.6 ಜನರ ಚರ್ಮದ ಮೇಲೆ ಅದರ ಗುರುತು. ಆರ್ಸೆನಿಕ್‌ನ ಗುರುತು ಅಂದ್ರೆ ಮೈಮೇಲೆ ಕಪ್ಪು-ಬಿಳಿ ಚುಕ್ಕೆ, ಅಂಗೈ ಅಂಗಾಲು ಗಂಟುಗಂಟಾಗಿ ಬಿರುಸಾಗೋದು. ನೂರಕ್ಕಿಂತ ಹೆಚ್ಚು ಜನ್ರಿ, ಅಷ್ಟು ಸಣ್ಣ ಜಾಗದಲ್ಲಿ.

ನಮ್ಮ ಅಲಖನೂರ ಇರೋದು ರಾಯಬಾಗ ತಾಲ್ಲೂಕಿನಲ್ಲಿ. ಕುಡಚಿ ಹತ್ತಿರ ಹರಿಯೋ ಕೃಷ್ಣೆಯೇ ಆಲಮಟ್ಟಿ, ನಾರಾಯಣಪುರ ದಾಟಿ ಆ ಸುರಪುರ ಸೀಮೆಗೆ ಹೋಗ್ತಾಳೆ. ಹಾಗಂತ ತಾಂಡಾದ ಆರ್ಸೆನಿಕ್ ಹೊಳೆಯಲ್ಲಿ ಬಂದದ್ದಲ್ಲ. ಅದು ನೆಲದೊಳಗಿನದು. ಚಿನ್ನ ಇರೋ ಕಲ್ಲಿನಲ್ಲಿ ಬಹಳ ಸಲ ಆರ್ಸೆನೋಪೈರೈಟ್ ಅನ್ನೋ ಅದಿರೂ ಇರ್ತದೆ: ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ್ದು. ಕಲ್ಲು ಒಡೆದು ಚಿನ್ನ ತಗೊಂಡು ಹೋದರೆ ಹಿಂದೆ ಉಳಿಯೋದು ಪುಡಿ.

ಈಗ ಇವತ್ತಿನ ಪ್ರಶ್ನೆ. ಆ 303 ಅನ್ನೋದು ಒಟ್ಟು ಮೊತ್ತ. ನಾನು ಬಿ.ಕಾಂ. ಓದಿದವನು, ಟೋಟಲ್ ನೋಡಿದ ಕೂಡಲೇ ಬ್ರೇಕಪ್ ಕೇಳೋದು ಅಭ್ಯಾಸ. ಒಬ್ಬರ ಹತ್ತಿರ 10 ಲಕ್ಷ ಇದೆ ಅಂದ್ರೆ ಸಕ್ಕರೆ ಕಾರ್ಖಾನೆ ಷೇರು ಎಷ್ಟು, ಎಫ್‌ಡಿ ಎಷ್ಟು, ಕೈಯಲ್ಲಿ ನಗದು ಎಷ್ಟು? ನಾಳೆ ಖರ್ಚಾಗೋದು ನಗದು ಮಾತ್ರ. ನೀರಲ್ಲಿರೋ ಲೋಹಗಳದ್ದೂ ಹಾಗೇ. (ಆರ್ಸೆನಿಕ್ ಪೂರ್ತಿ ಲೋಹ ಅಲ್ಲ, ಅರೆಲೋಹ. ವಿಜ್ಞಾನ ಓದಿದವರು ಕಾಮೆಂಟ್ ಹಾಕೋ ಮೊದಲೇ ಹೇಳಿಬಿಟ್ಟೆ.) ಎಷ್ಟಿದೆ ಅನ್ನೋದರ ಜೊತೆ ಯಾವ ರೂಪದಲ್ಲಿದೆ ಅಂತಲೂ ಕೇಳಬೇಕು.

ತಮಾಷೆ ಅಂದ್ರೆ, ನಮ್ಮ ಹಳೇ ವೈದ್ಯರ ಮಾತಿನಲ್ಲಿ ಆರ್ಸೆನಿಕ್‌ಗೆ ಒಂದು ಹೆಸರು ಇರಲೇ ಇಲ್ಲ. ಬಿಳಿಯದು ಶಂಖಪಾಷಾಣ, ಹಳದಿಯದು ಹರಿತಾಳ, ಕೆಂಪನೆಯದು ಮನಃಶಿಲೆ. ಮೂರೂ ಆರ್ಸೆನಿಕ್‌ನ ಬೇರೆ ಬೇರೆ ಸಂಯುಕ್ತಗಳು. ಒಳಗಿರೋದು ಒಂದೇ ಧಾತು ಅಂತ ಅವರಿಗೆ ಗೊತ್ತಿರಲಿಲ್ಲ, ರೂಪ ಬೇರೆ ಅಂತ ಗೊತ್ತಿತ್ತು. ಆಧುನಿಕ ರಸಾಯನಶಾಸ್ತ್ರದ್ದು ಉಲ್ಟಾ ಆಯ್ತು. ಅದು ಧಾತುವನ್ನ ಮೊದಲು ಹಿಡೀತು, ನೀರಲ್ಲಿ ಅದರ ರೂಪ ಕೇಳೋಕೆ ನೂರು ವರ್ಷದ ಮೇಲೆ ತಗೊಂಡಿತು.

1833ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡ್ಲ್ ಅನ್ನೋ ಹುಡುಗ ತಾತನ ಕಾಫಿಗೆ ಪಾಷಾಣ ಹಾಕಿದ ಅಂತ ಕೇಸು ಬಿತ್ತು. ಜೇಮ್ಸ್ ಮಾರ್ಶ್ ಅನ್ನೋ ರಸಾಯನ ತಜ್ಞ ಪರೀಕ್ಷೆ ಮಾಡಿದಾಗ ಹಳದಿ ಗಷ್ಟು ಬಂತು. ನಮ್ಮ ಹರಿತಾಳ ಯಾವುದರಿಂದ ಆಗಿದೆಯೋ ಅದೇ ವಸ್ತು. ಆದರೆ ಕೋರ್ಟಿಗೆ ಒಯ್ಯೋ ಹೊತ್ತಿಗೆ ಅದು ಕೆಟ್ಟುಹೋಗಿತ್ತು, ಆರೋಪಿ ಬಿಡುಗಡೆಯಾದ. ಮಾರ್ಶ್‌ಗೆ ಹೊಟ್ಟೆ ಉರೀತು. 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ: ಸತುವು, ಆಮ್ಲ ಹಾಕಿ ಆರ್ಸೆನಿಕ್ಕನ್ನ ಅನಿಲ ಮಾಡೋದು, ಆ ಅನಿಲಕ್ಕೆ ಬೆಂಕಿ ಹಚ್ಚಿ ಜ್ವಾಲೆಗೆ ತಣ್ಣನೆಯ ಗಾಜು ಹಿಡಿಯೋದು. ಗಾಜಿನ ಮೇಲೆ ಕನ್ನಡಿಯಂಥ ಹೊಳೆಯೋ ಕಲೆ ಬರ್ತದೆ. ವಿಷ ಇತ್ತೋ ಇಲ್ಲವೋ ಅಂತ ಕೇಳೋ ನ್ಯಾಯಾಧೀಶರಿಗೆ ಅಷ್ಟು ಸಾಕು. ಯಾವ ರೂಪದ್ದು ಅಂತ ಕೇಳಿ ಅವರಿಗೇನಾಗಬೇಕಿತ್ತು?

ಕಿರದಳ್ಳಿಯ ನೀರನ್ನ ಅಳೆದ ಯಂತ್ರವೂ ಮಾರ್ಶ್‌ನ ಮೊಮ್ಮಗನೇ. ಆರ್ಸೆನಿಕ್ಕನ್ನ ಅನಿಲ ಮಾಡಿ, ಆ ಅನಿಲ ಬೆಳಕನ್ನ ಎಷ್ಟು ಹೀರ್ತದೆ ಅಂತ ನೋಡೋದು.

ಇದೇ ಅನಿಲದ ದಾರಿಯಲ್ಲಿ ರೂಪಗಳನ್ನೂ ಬೇರೆ ಮಾಡಬಹುದು ಅಂತ 1973ರಲ್ಲಿ ತೋರಿಸಿದವರು ಅಮೆರಿಕದ ಬ್ರಾಮನ್ ಮತ್ತು ಫೋರ್‌ಬ್ಯಾಕ್. ನೀರಲ್ಲಿ ಆರ್ಸೆನಿಕ್ ಮುಖ್ಯವಾಗಿ ಎರಡು ವೇಷದಲ್ಲಿರ್ತದೆ: ಆರ್ಸೆನೇಟ್, ಆರ್ಸೆನೈಟ್. ಇಯರ್‌ಫೋನಿನಲ್ಲಿ ಎರಡೂ ಒಂದೇ ಥರ ಕೇಳ್ತವೆ, ಅದಕ್ಕೆ ಹೀಗೆ ನೆನಪಿಡ್ರಿ: ನೈಟ್ ಅಂದ್ರೆ ರಾತ್ರಿ, ಗಾಳಿ ತಾಗದ ಆಳದ ಕತ್ತಲಲ್ಲಿ ಇರೋದು ಆರ್ಸೆನೈಟ್. ಹೆಚ್ಚು ವಿಷಕಾರಿಯೂ ಅದೇ. ಸೌಮ್ಯ ಆಮ್ಲದಲ್ಲಿ ಆರ್ಸೆನೈಟ್ ಮಾತ್ರ ಅನಿಲ ಆಗ್ತದೆ, ಆಮ್ಲ ತೀಕ್ಷ್ಣ ಮಾಡಿದರೆ ಆರ್ಸೆನೇಟೂ ಎದ್ದು ಬರ್ತದೆ. ಎರಡು ಸಲ ಅಳೆದು ಕಳೆದರೆ ಬ್ರೇಕಪ್ ಸಿಕ್ಕಿತು! ನೈಸರ್ಗಿಕ ನೀರು, ಕಡಲ ಚಿಪ್ಪು, ಮನುಷ್ಯರ ಮೂತ್ರ ಎಲ್ಲದರಲ್ಲೂ ಅವರು ಬೇರೆ ಬೇರೆ ರೂಪಗಳನ್ನ ಎಣಿಸಿದರು.

ಆದರೆ ಬಾಟಲಿದ್ದೊಂದು ತಕರಾರು ಉಳೀತು. ಕೊಳವೆಬಾವಿ ನೀರು ಹಿಡಿದಿಟ್ಟರೆ ಸ್ವಲ್ಪ ಹೊತ್ತಿಗೆ ಕೆಂಪಗೆ ತುಕ್ಕು ಕೂರೋದನ್ನ ಎಷ್ಟೋ ಜನ ನೋಡಿರ್ತೀರಿ. ಅದು ನೀರಲ್ಲಿದ್ದ ಕಬ್ಬಿಣ, ಗಾಳಿ ತಾಗಿ ತುಕ್ಕಾಗಿದ್ದು. ಆ ತುಕ್ಕು ಆರ್ಸೆನಿಕ್ಕನ್ನೂ ತಬ್ಬಿಕೊಂಡು ತಳಕ್ಕೆ ಕೂರ್ತದೆ. ಆರ್ಸೆನೈಟ್ ಬೇರೆ ನಿಧಾನಕ್ಕೆ ಆರ್ಸೆನೇಟ್ ಆಗ್ತಾ ಹೋಗ್ತದೆ. ತಾಂಡಾದಿಂದ ಹೊರಟ ನೀರೇ ಬೇರೆ, ಲ್ಯಾಬು ಮುಟ್ಟಿದ ನೀರೇ ಬೇರೆ ಆದಂತೆ. 1983ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಾಲ್ಟರ್ ಫಿಕ್ಲಿನ್ ಇದಕ್ಕೊಂದು ಉಪಾಯ ಬರೆದ. ನೀರನ್ನ ರಾಳದ ಕಾಳು ತುಂಬಿದ ಸಣ್ಣ ನಳಿಗೆಯಲ್ಲಿ ಇಳಿಸೋದು. ಆರ್ಸೆನೇಟ್‌ಗೆ ವಿದ್ಯುದಾವೇಶ ಇದೆ, ಕಾಳಿಗೆ ಅಂಟಿಕೊಳ್ತದೆ. ಆರ್ಸೆನೈಟ್‌ಗೆ ಇಲ್ಲ, ಕೆಳಗೆ ಜಾರಿ ಬರ್ತದೆ. ಬಾವಿ ಪಕ್ಕದಲ್ಲೇ ನಿಂತು ಎರಡನ್ನೂ ಬೇರೆ ಮಾಡಿಬಿಟ್ಟರೆ ಆಮೇಲೆ ಬಾಟಲಿ ಎಷ್ಟು ದೂರ ಹೋದರೇನು.

ಈ ಜಾರೋ ಗುಣ ನಮಗೆ ಯಾಕೆ ಬೇಕು? ನಮ್ಮ ಊರುಗಳಲ್ಲಿ ಕಾಯಿನ್ ಹಾಕಿ ಕೊಡ ತುಂಬಿಸೋ ಶುದ್ಧ ನೀರಿನ ಘಟಕಗಳಿವೆಯಲ್ಲ, ಒಳಗಿರೋದು ಆರ್‌ಒ ಪೊರೆ. ಅದು ಆರ್ಸೆನೇಟನ್ನ ಚೆನ್ನಾಗಿ ತಡೀತದೆ. ಆವೇಶವಿಲ್ಲದ ಆರ್ಸೆನೈಟನ್ನ ಅಷ್ಟು ಚೆನ್ನಾಗಿ ತಡೆಯೋದಿಲ್ಲ. ಅಲ್ಯೂಮಿನಾ ಫಿಲ್ಟರಿನ ಹಣೆಬರಹವೂ ಅದೇ. ದಾರಿ ಇಲ್ಲದಿಲ್ಲ: ಮೊದಲು ಕ್ಲೋರಿನ್ ಹಾಕಿ ಆರ್ಸೆನೈಟನ್ನ ಆರ್ಸೆನೇಟ್ ಮಾಡಬೇಕು, ಆಮೇಲೆ ಸೋಸಬೇಕು. ಆರ್‌ಒ ಇದ್ದರೆ ಉಳಿದ ಕ್ಲೋರಿನ್ ತೆಗೆದು ನೀರು ಬಿಡಬೇಕು, ಇಲ್ಲಾಂದ್ರೆ ಪೊರೆ ಹಾಳು. ಯಾವ ರೂಪ ಅಂತ ನೋಡದೆ ಯಂತ್ರ ಕೂರಿಸಿದರೆ ಫಲಕದ ಮೇಲೆ ‘ಶುದ್ಧ’ ಅಂತ ಬರೆದಿರ್ತದೆ, ಕೊಡದಲ್ಲಿ ಆರ್ಸೆನೈಟ್ ಮನೆಗೆ ಹೋಗ್ತಿರಬಹುದು.

ಇನ್ನೊಂದು ಮಾತು. ಆನ್‌ಲೈನಿನಲ್ಲಿ ತರಿಸಿದ ಟಿಡಿಎಸ್ ಮೀಟರ್ ಅದ್ದಿ ನೀರು ಒಳ್ಳೇದು ಅನ್ನೋ ರೀಲ್ಸ್ ನೋಡಿದಾಗ ನನಗೆ ಸಿಟ್ಟು ಬರ್ತದೆ. ಆ ಮೀಟರ್ ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರೀತದೆ ಅಂತ ಮಾತ್ರ. ಕಿರದಳ್ಳಿಯ 303 ಮೈಕ್ರೋಗ್ರಾಂ ಅಂದ್ರೆ 0.303 ಮಿಲಿಗ್ರಾಂ. ನೂರಾರು ಮಿಲಿಗ್ರಾಂ ಉಪ್ಪಿನ ಮಧ್ಯೆ ಅದು ಆ ಮೀಟರಿಗೆ ಕಾಣೋದೇ ಇಲ್ಲ. ಆವೇಶವೇ ಇಲ್ಲದ ಆರ್ಸೆನೈಟ್ ಅಂತೂ ಮೊದಲೇ ಕಾಣೋದಿಲ್ಲ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500 ಕೂಡ ಕೇಳೋದು ಒಟ್ಟು ಆರ್ಸೆನಿಕ್ ಎಷ್ಟು ಅಂತಲೇ. ಕುಡಿಯೋಕೆ ಬೇಡ ಅನ್ನೋಕೆ ಅಷ್ಟು ಸಾಕು, ಸರಿ. ಆದರೆ ಕುಡಿಯೋ ಹಾಗೆ ಮಾಡೋದು ಹೇಗೆ ಅನ್ನೋದಕ್ಕೆ ಅದು ಉತ್ತರ ಕೊಡೋದಿಲ್ಲ.

ಆ ಅಧ್ಯಯನದಲ್ಲಿ ನೀರಿನಷ್ಟೇ ನನ್ನನ್ನ ಕಾಡಿದ್ದು ಮಣ್ಣು. 12 ಮೇಲ್ಮಣ್ಣಿನ ಮಾದರಿಗಳಲ್ಲಿ 6ರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್. ಗಣಿಯ ಪುಡಿ ಕಾರಣ ಇರಬಹುದು ಅಂತ ಸಂಶೋಧಕರು ಬರೆದಿದ್ದಾರೆ, ಮಣ್ಣು ಬಾಯಿಗೆ ಹೋಗೋದರಿಂದಲೂ ಅಪಾಯ ಇರಬಹುದು ಅಂದಿದ್ದಾರೆ. ಇಲ್ಲೂ ಅದೇ ಪ್ರಶ್ನೆ: ಅದು ಅದಿರಿನ ಕಲ್ಲೊಳಗೆ ಬಂಧಿಯಾಗಿರೋದೋ, ತುಕ್ಕಿಗೆ ಅಂಟಿರೋದೋ, ಅಂಗಳದಲ್ಲಿ ಆಡಿ ಕೈ ಬಾಯಿಗಿಟ್ಟ ಮಗುವಿನ ಹೊಟ್ಟೆಯಲ್ಲಿ ಕರಗಿಬಿಡೋದೋ? ಮೂರಕ್ಕೂ ಲ್ಯಾಬಿನ ಟೋಟಲ್ ಒಂದೇ ಬರ್ತದೆ.

ಮುಂದಿನ ಕಂತಿನಲ್ಲಿ ಕಾರವಾರದ ಹತ್ತಿರದ ಬಿಣಗಾಕ್ಕೆ ಹೋಗೋಣ. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆ ಸುತ್ತಲಿನ ಪಾದರಸದ ಬಗ್ಗೆ ಸಂಶೋಧಕರು 1990ರಲ್ಲೇ ಬರೆದಿದ್ದರು.