ಫರ್ಡಿನಾಂಡ್ (ಹೆಸರು)

ಫರ್ಡಿನಾಂಡ್ ಎಂಬುದು ಜರ್ಮಾನಿಕ್ ಮೂಲದ, ಗಂಡುಮಕ್ಕಳಿಗೆ ಇಡುವ ಹೆಸರು. ಕನ್ನಡದಲ್ಲಿ ಇದನ್ನು ಫರ್ಡಿನೆಂಡ್, ಫರ್ಡಿನ್ಯಾಂಡ್ ಎಂದೂ ಬರೆಯುತ್ತಾರೆ. ಜರ್ಮನ್ ಉಚ್ಚಾರಣೆಯಲ್ಲಿ ಕೊನೆಯ ವ್ಯಂಜನವು 'ಟ್' ಎಂದು ಕೇಳಿಸುವುದರಿಂದ ಅದು ಫೆರ್ಡಿನಾಂಟ್ ಎಂಬುದಕ್ಕೆ ಹತ್ತಿರವಾಗಿರುತ್ತದೆ. ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಅವರಿಂದಾಗಿ ಕನ್ನಡ ಓದುಗರಿಗೆ ಈ ಹೆಸರು ಪರಿಚಿತವಾಗಿದೆ. ಕರ್ನಾಟಕದಲ್ಲಿ ಇದು ವ್ಯಕ್ತಿನಾಮವಾಗಿ ಅಪರೂಪ. ಆದರೆ ಇದೇ ಹೆಸರಿನಿಂದ ಹುಟ್ಟಿದ 'ಫರ್ನಾಂಡಿಸ್' ಎಂಬ ಅಡ್ಡಹೆಸರು ಕರಾವಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸಾಮಾನ್ಯವಾಗಿದೆ.

ವ್ಯುತ್ಪತ್ತಿ

ಪ್ರಾಚೀನ ಜರ್ಮಾನಿಕ್ ಹೆಸರುಗಳಲ್ಲಿ ಹಲವು ಎರಡು ಪದಗಳ ಸಮಾಸಗಳಾಗಿವೆ. ಫರ್ಡಿನಾಂಡ್ ಕೂಡ ಅಂತಹುದೇ. ಇದರ ಉತ್ತರಪದ 'ನಾಂಥ್' ಎಂಬುದಕ್ಕೆ ಧೈರ್ಯ, ಸಾಹಸ ಎಂಬ ಅರ್ಥವಿದೆ. ಪೂರ್ವಪದದ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಮೊದಲನೆಯದರ ಪ್ರಕಾರ ಅದು ಪ್ರಯಾಣ ಎಂಬರ್ಥದ ಪದ. ಇಂದಿನ ಜರ್ಮನ್ ಭಾಷೆಯ 'ಫಾರ್ಟ್' (ಪಯಣ) ಅದೇ ಧಾತುವಿನಿಂದ ಬಂದಿದೆ. ಎರಡನೆಯದರ ಪ್ರಕಾರ ಅದು ಶಾಂತಿ, ರಕ್ಷಣೆ ಎಂಬರ್ಥದ 'ಫ್ರಿಥು'. ಇದು ಫ್ರೀಡ್ರಿಕ್ ಎಂಬ ಹೆಸರಿನ ಮೊದಲ ಭಾಗದಲ್ಲಿಯೂ ಇದೆ. ಎರಡನೆಯ ಅಭಿಪ್ರಾಯವನ್ನು ಒಪ್ಪಿದರೆ, 'ಫ್ರಿ' ಎಂಬಲ್ಲಿನ ರಕಾರವು ಸ್ವರದ ಹಿಂದಿನಿಂದ ಮುಂದಕ್ಕೆ ಸರಿದು 'ಫೆರ್' ಎಂದಾಗಿದೆ ಎಂದು ತಿಳಿಯಬೇಕಾಗುತ್ತದೆ. ಹೀಗೆ ಹೆಸರಿನ ಅರ್ಥವನ್ನು 'ಧೀರ ಪಯಣಿಗ' ಎಂದಾಗಲಿ 'ಶಾಂತಿಯನ್ನು ಕಾಯುವ ಧೀರ' ಎಂದಾಗಲಿ ವಿವರಿಸಲಾಗುತ್ತದೆ. ಭಾರತೀಯ ಭಾಷೆಗಳ 'ನಂದ', 'ಆನಂದ' ಪದಗಳೊಂದಿಗೆ ಧ್ವನಿಸಾಮ್ಯವಿದ್ದರೂ ಅರ್ಥದಲ್ಲಿ ಹೋಲಿಕೆಯಿಲ್ಲ.

ಇತಿಹಾಸ

ಸ್ಪೇನಿನಲ್ಲಿ

ಹೆಸರಿನ ಘಟಕಗಳು ಜರ್ಮಾನಿಕ್ ಆದರೂ ಅದು ರೂಢಿಗೆ ಬಂದದ್ದು ಜರ್ಮನಿಯಲ್ಲಲ್ಲ, ಐಬೀರಿಯಾ ಪರ್ಯಾಯ ದ್ವೀಪದಲ್ಲಿ. ರೋಮನ್ ಸಾಮ್ರಾಜ್ಯದ ಪತನಕಾಲದಲ್ಲಿ ಅಲ್ಲಿ ರಾಜ್ಯ ಸ್ಥಾಪಿಸಿದ ವಿಸಿಗೋಥರು ತಮ್ಮ ಭಾಷೆಯನ್ನು ಕ್ರಮೇಣ ತೊರೆದು ಸ್ಥಳೀಯ ಲ್ಯಾಟಿನ್ ಮೂಲದ ಮಾತನ್ನು ಸ್ವೀಕರಿಸಿದರು. ಅವರ ರಾಜ್ಯವು 8ನೇ ಶತಮಾನದ ಆರಂಭದಲ್ಲಿ ಕೊನೆಗೊಂಡಿತು. ಆದರೆ ಅವರ ವ್ಯಕ್ತಿನಾಮಗಳು ಉಳಿದುಕೊಂಡವು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರು ಫೆರ್ನಾಂಡೊ, ಹೆರ್ನಾಂಡೊ ಎಂದೂ ಪೋರ್ಚುಗೀಸ್ ಭಾಷೆಯಲ್ಲಿ ಫೆರ್ನಾಂದೊ, ಫೆರ್ನಾವ್ ಎಂದೂ ರೂಪಗೊಂಡಿತು. 11ನೇ ಶತಮಾನದಿಂದ ಲಿಯೋನ್ ಮತ್ತು ಕ್ಯಾಸ್ಟೀಲ್ ರಾಜವಂಶಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. 1252ರಲ್ಲಿ ನಿಧನನಾದ ಕ್ಯಾಸ್ಟೀಲಿನ ಮೂರನೆಯ ಫೆರ್ನಾಂಡೊನನ್ನು ಕ್ಯಾಥೊಲಿಕ್ ಚರ್ಚು 1671ರಲ್ಲಿ ಸಂತನೆಂದು ಘೋಷಿಸಿತು.

ಜರ್ಮನ್ ಭಾಷಿಕ ಪ್ರದೇಶಗಳಲ್ಲಿ

ಈ ಹೆಸರು ಜರ್ಮನ್ ನಾಡುಗಳಿಗೆ ಬಂದದ್ದು ಹ್ಯಾಬ್ಸ್‌ಬರ್ಗ್ ರಾಜವಂಶದ ವಿವಾಹ ಸಂಬಂಧದ ಮೂಲಕ. ಹ್ಯಾಬ್ಸ್‌ಬರ್ಗ್ ವಂಶದ ಫಿಲಿಪ್ ಹಾಗೂ ಸ್ಪೇನಿನ ರಾಜಕುಮಾರಿ ಹುವಾನಾ ದಂಪತಿಯ ಕಿರಿಯ ಮಗ 1503ರಲ್ಲಿ ಸ್ಪೇನಿನಲ್ಲಿ ಜನಿಸಿದನು. ಅವನಿಗೆ ತಾಯಿಯ ತಂದೆಯಾದ ಅರಗಾನಿನ ಫರ್ಡಿನಾಂಡನ ಹೆಸರನ್ನು ಇಡಲಾಯಿತು. 1521ರಲ್ಲಿ ಆಸ್ಟ್ರಿಯಾದ ಪ್ರಾಂತ್ಯಗಳು ಅವನ ಆಳ್ವಿಕೆಗೆ ಬಂದವು. ಮುಂದೆ ಅವನು ಒಂದನೆಯ ಫರ್ಡಿನಾಂಡ್ ಎಂಬ ಹೆಸರಿನಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾದನು. ಅವನ ನಂತರ ಎರಡನೆಯ ಫರ್ಡಿನಾಂಡ್ (1578–1637) ಮತ್ತು ಮೂರನೆಯ ಫರ್ಡಿನಾಂಡ್ (1608–1657) ಅದೇ ಪೀಠವನ್ನೇರಿದರು. ಬವೇರಿಯಾದ ಅರಸ ಫರ್ಡಿನಾಂಡ್ ಮರಿಯಾ (1636–1679) ಎರಡನೆಯ ಫರ್ಡಿನಾಂಡನ ಮಗಳ ಮಗ. ಅರಮನೆಗಳ ನಡುವಣ ನೆಂಟಸ್ತಿಕೆಯೇ ಹೆಸರನ್ನು ಹರಡಿದ ಬಗೆಗೆ ಇದು ಉದಾಹರಣೆ.

ಎರಡನೆಯ ಫರ್ಡಿನಾಂಡನು ಮೂವತ್ತು ವರ್ಷಗಳ ಯುದ್ಧದಲ್ಲಿ (1618–1648) ಕ್ಯಾಥೊಲಿಕ್ ಪಕ್ಷದ ನಾಯಕನಾಗಿದ್ದನು. ಆದರೂ ಹೆಸರು ಒಂದೇ ಪಂಥಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಲೂಥರನ್ ಪಂಥದ ಬ್ರೌನ್‌ಶ್ವೈಗ್ ರಾಜವಂಶದಲ್ಲಿ 17ನೇ ಶತಮಾನದಲ್ಲಿಯೇ ಇದು ಬಳಕೆಗೆ ಬಂದಿತು. 19ನೇ ಶತಮಾನದ ಹೊತ್ತಿಗೆ ಪ್ರಾಟೆಸ್ಟಂಟ್ ಪಾದ್ರಿಗಳ ಮನೆಗಳಲ್ಲಿಯೂ ಮಕ್ಕಳಿಗೆ ಈ ಹೆಸರಿಡುತ್ತಿದ್ದರು. ಕಿಟ್ಟೆಲ್ ಅವರು ಹುಟ್ಟಿದ್ದು ಅಂತಹ ಒಂದು ಮನೆಯಲ್ಲಿ.

ಬಳಕೆಯ ಏರಿಳಿತ

ಜರ್ಮನ್ ಭಾಷಿಕ ಪ್ರದೇಶಗಳಲ್ಲಿ 19ನೇ ಶತಮಾನವು ಈ ಹೆಸರಿನ ಉಚ್ಛ್ರಾಯ ಕಾಲ. ಅರಸುಮನೆತನಗಳಲ್ಲದೆ ವಿದ್ವಾಂಸರು, ವಿಜ್ಞಾನಿಗಳು, ಉದ್ಯಮಿಗಳು ಹಾಗೂ ಸಾಮಾನ್ಯ ಕುಟುಂಬಗಳವರಲ್ಲಿಯೂ ಇದು ಪ್ರಚಲಿತವಾಗಿತ್ತು. 20ನೇ ಶತಮಾನದಲ್ಲಿ ಬಳಕೆ ಕುಗ್ಗಿ, ಇದು ಹಳೆಯ ತಲೆಮಾರಿನ ಹೆಸರೆನಿಸಿತು. ಇತ್ತೀಚಿನ ದಶಕಗಳಲ್ಲಿ ಹಳೆಯ ಹೆಸರುಗಳ ಮೇಲೆ ಒಲವು ಮರುಕಳಿಸಿರುವುದರಿಂದ ಮಕ್ಕಳಿಗೆ ಮತ್ತೆ ಇಡಲಾಗುತ್ತಿದೆ; ಆದರೂ ಅತಿ ಜನಪ್ರಿಯ ಹೆಸರುಗಳ ಸಾಲಿಗೆ ಸೇರಿಲ್ಲ. ಮನೆಮಾತಿನಲ್ಲಿ ಇದನ್ನು ಫೆರ್ಡಿ ಎಂದೂ, ಆಸ್ಟ್ರಿಯಾ ಮತ್ತು ಬವೇರಿಯಾಗಳಲ್ಲಿ ಫೆರ್ಡ್ಲ್ ಎಂದೂ ಮೊಟಕುಗೊಳಿಸುತ್ತಾರೆ.

ರೂಪಾಂತರಗಳು

• ಸ್ಪ್ಯಾನಿಷ್: ಫೆರ್ನಾಂಡೊ, ಹೆರ್ನಾಂಡೊ
• ಪೋರ್ಚುಗೀಸ್: ಫೆರ್ನಾಂದೊ, ಫೆರ್ನಾವ್
• ಇಟಾಲಿಯನ್: ಫೆರ್ಡಿನಾಂಡೊ, ಫೆರಾಂತೆ
• ಫ್ರೆಂಚ್: ಫೆರ್ದಿನಾಂ, ಫೆರ್ನಾಂ
• ಹಂಗೇರಿಯನ್: ನಾಂದೋರ್
• ಅಡ್ಡಹೆಸರುಗಳು: ಫರ್ನಾಂಡಿಸ್, ಫರ್ನಾಂಡೊ, ಹೆರ್ನಾಂಡೆಸ್

ಕರ್ನಾಟಕದಲ್ಲಿ

ಈ ಹೆಸರು ಕರ್ನಾಟಕವನ್ನು ಎರಡು ಬೇರೆ ಬೇರೆ ದಾರಿಗಳಿಂದ ತಲುಪಿತು. ಮೊದಲನೆಯದು ಪೋರ್ಚುಗೀಸರ ದಾರಿ, ಎರಡನೆಯದು ಜರ್ಮನ್ ಭಾಷಿಕ ಮಿಷನರಿಗಳ ದಾರಿ.

ಫರ್ನಾಂಡಿಸ್ ಎಂಬ ಅಡ್ಡಹೆಸರು

1510ರಲ್ಲಿ ಪೋರ್ಚುಗೀಸರು ಗೋವಾವನ್ನು ವಶಪಡಿಸಿಕೊಂಡ ನಂತರ, ಅಲ್ಲಿ ಕ್ರೈಸ್ತಧರ್ಮಕ್ಕೆ ಸೇರಿದ ಕುಟುಂಬಗಳು ಪೋರ್ಚುಗೀಸ್ ಅಡ್ಡಹೆಸರುಗಳನ್ನು ಪಡೆದವು. ಪೋರ್ಚುಗೀಸ್ ಭಾಷೆಯಲ್ಲಿ '-ಎಸ್' ಎಂಬ ಪ್ರತ್ಯಯವು 'ಇಂತಹವನ ಮಗ' ಎಂಬ ಅರ್ಥವನ್ನು ಕೊಡುತ್ತದೆ. ಆದ್ದರಿಂದ ಫರ್ನಾಂಡಿಸ್ ಎಂದರೆ ಮೂಲದಲ್ಲಿ 'ಫರ್ನಾಂಡೊನ ಮಗ'. ರಾಡ್ರಿಗಸ್ (ರಾಡ್ರಿಗೊನ ಮಗ), ಗೊನ್ಸಾಲ್ವಿಸ್ (ಗೊನ್ಸಾಲೊನ ಮಗ) ಮೊದಲಾದ ಅಡ್ಡಹೆಸರುಗಳ ರಚನೆಯೂ ಹೀಗೆಯೇ. ಈ ಎರಡು ಹೆಸರುಗಳ ಮೂಲವೂ ವಿಸಿಗೋಥರ ಜರ್ಮಾನಿಕ್ ಭಾಷೆಗೆ ಹೋಗುತ್ತದೆ.

ಮುಂದಿನ ಶತಮಾನಗಳಲ್ಲಿ ಗೋವಾದಿಂದ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕ್ಯಾಥೊಲಿಕರೊಂದಿಗೆ ಈ ಅಡ್ಡಹೆಸರು ಮಂಗಳೂರು, ಉಡುಪಿ ಪ್ರದೇಶಗಳಿಗೆ ಬಂದಿತು. ಕೇಂದ್ರದ ರಕ್ಷಣಾ ಸಚಿವರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ (1930–2019) ಹಾಗೂ ಉಡುಪಿಯ ಆಸ್ಕರ್ ಫರ್ನಾಂಡಿಸ್ (1941–2021) ಈ ಅಡ್ಡಹೆಸರಿನ ಪ್ರಸಿದ್ಧ ರಾಜಕಾರಣಿಗಳು. ಇಲ್ಲಿ ವ್ಯಕ್ತಿನಾಮಗಳು ಜಾರ್ಜ್ ಮತ್ತು ಆಸ್ಕರ್. ಫರ್ಡಿನಾಂಡ್ ಎಂಬುದು ಕುಲಸೂಚಕವಾಗಿ ಮಾತ್ರ ಉಳಿದಿದೆ. ತಮಿಳುನಾಡಿನ ತೂತ್ತುಕುಡಿ ಕರಾವಳಿಯ ಪರವರಲ್ಲಿಯೂ ಶ್ರೀಲಂಕಾದಲ್ಲಿಯೂ ಪ್ರತ್ಯಯವಿಲ್ಲದ 'ಫರ್ನಾಂಡೊ' ಎಂಬ ರೂಪವೇ ಅಡ್ಡಹೆಸರಾಗಿದೆ. ಶ್ರೀಲಂಕಾದ ಕ್ರಿಕೆಟ್ ಆಟಗಾರ ದಿಲ್ಹಾರ ಫರ್ನಾಂಡೊ ಇದಕ್ಕೆ ಉದಾಹರಣೆ.

ಫರ್ಡಿನಾಂಡ್ ಕಿಟ್ಟೆಲ್

ಜರ್ಮನ್ ರೂಪದಲ್ಲಿಯೇ ಈ ಹೆಸರನ್ನು ಕರ್ನಾಟಕಕ್ಕೆ ತಂದವರಲ್ಲಿ ಪ್ರಮುಖರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಅವರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಕೇಶಿರಾಜನ 'ಶಬ್ದಮಣಿದರ್ಪಣ' (1872) ಮತ್ತು ನಾಗವರ್ಮನ 'ಛಂದೋಂಬುಧಿ' (1875) ಗ್ರಂಥಗಳನ್ನು ಸಂಪಾದಿಸಿದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥ ಹೊರಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗನ್‌ನಲ್ಲಿ ನಿಧನರಾದರು.

ಬೆಂಗಳೂರಿನ ದಂಡು ಪ್ರದೇಶದಲ್ಲಿ

ಕಿಟ್ಟೆಲ್ ಅವರ ಕಾರ್ಯಕ್ಷೇತ್ರ ಮುಖ್ಯವಾಗಿ ಕರಾವಳಿ, ಕೊಡಗು ಮತ್ತು ಧಾರವಾಡ ಸೀಮೆಯಾಗಿತ್ತು. ಆದರೆ ಅವರ ಹೆಸರಿನ ಸ್ಮಾರಕಗಳಲ್ಲಿ ಎರಡು ಬೆಂಗಳೂರಿನ ದಂಡು ಪ್ರದೇಶದಲ್ಲಿವೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್ ಬಳಿ ಅವರ ಪ್ರತಿಮೆಯಿದೆ. ಆಸ್ಟಿನ್ ಟೌನ್ ಬಡಾವಣೆಗೆ ಕಿಟ್ಟೆಲ್ ನಗರ ಎಂದು ಮರುನಾಮಕರಣ ಮಾಡಲಾಗಿದೆ. ಆಡುಮಾತಿನಲ್ಲಿ ಮಾತ್ರ ಆಸ್ಟಿನ್ ಟೌನ್ ಎಂಬ ಹಳೆಯ ಹೆಸರು ಇಂದಿಗೂ ಬಳಕೆಯಲ್ಲಿದೆ.

1809ರಲ್ಲಿ ಬ್ರಿಟಿಷರ ಸೇನಾ ನೆಲೆಯಾಗಿ ಆರಂಭವಾದ ದಂಡು ಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು; 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಅಡಿಯಲ್ಲಿ ಸೇರಿದವು. ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್ ಮೊದಲಾದ ಇಲ್ಲಿನ ಬಡಾವಣೆಗಳು ಇಂಗ್ಲಿಷ್ ಅಡ್ಡಹೆಸರುಗಳನ್ನು ಹೊತ್ತಿವೆ. ಇವುಗಳಲ್ಲಿ ಕೆಲವಕ್ಕೆ ನಂತರ ಕನ್ನಡ ಹೆಸರುಗಳನ್ನು ಕೊಡಲಾಯಿತು. ಫ್ರೇಜರ್ ಟೌನ್ ಬಾದಾಮಿ ಚಾಲುಕ್ಯ ದೊರೆಯ ಹೆಸರಿನಲ್ಲಿ ಪುಲಕೇಶಿನಗರವಾಯಿತು. ಆಸ್ಟಿನ್ ಟೌನಿನ ಮರುನಾಮಕರಣ ಇದಕ್ಕಿಂತ ಭಿನ್ನ. ಅಲ್ಲಿ ಒಂದು ಯೂರೋಪಿಯನ್ ಹೆಸರಿನ ಸ್ಥಾನಕ್ಕೆ ಬಂದದ್ದು ಮತ್ತೊಂದು ಯೂರೋಪಿಯನ್ ಹೆಸರೇ. ನಿಘಂಟಿನ ಕೆಲಸದ ಮೂಲಕ ಕಿಟ್ಟೆಲ್ ಎಂಬುದು ಕನ್ನಡದ್ದೇ ಹೆಸರಾಗಿ ಪರಿಗಣಿತವಾಗಿರುವುದನ್ನು ಇದು ಸೂಚಿಸುತ್ತದೆ.

ಹೆಸರಿಡುವ ಪದ್ಧತಿ ಮತ್ತು ವ್ಯಕ್ತಿನಾಮದ ಮರೆವು

ಪ್ರತಿಮೆ, ಬಡಾವಣೆ, ಧಾರವಾಡದ ಕಿಟ್ಟೆಲ್ ಕಾಲೇಜು, 'ಕಿಟ್ಟೆಲ್ ನಿಘಂಟು' ಎಂಬ ರೂಢಿಯ ಮಾತು — ಎಲ್ಲೆಡೆ ಉಳಿದಿರುವುದು ಅಡ್ಡಹೆಸರೇ ಹೊರತು ಫರ್ಡಿನಾಂಡ್ ಅಲ್ಲ. ಇದಕ್ಕೆ ಎರಡು ಪದ್ಧತಿಗಳ ನಡುವಿನ ವ್ಯತ್ಯಾಸವೂ ಪೂರಕವಾಗಿದೆ. ಜರ್ಮನ್ ಪದ್ಧತಿಯಲ್ಲಿ ವ್ಯಕ್ತಿನಾಮ ಮೊದಲು, ಕುಲನಾಮ ನಂತರ ಬರುತ್ತದೆ. ಹಳೆಯ ಮೈಸೂರು ಪ್ರದೇಶದ ರೂಢಿಯಲ್ಲಿ ಮೊದಲು ಊರು ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳು, ಕೊನೆಯಲ್ಲಿ ವ್ಯಕ್ತಿಯ ಸ್ವಂತ ಹೆಸರು ಬರುತ್ತವೆ. ಹೀಗಾಗಿ 'ಎಫ್. ಕಿಟ್ಟೆಲ್' ಎಂದು ಬರೆದಾಗ, ಈ ರೂಢಿಗೆ ಒಗ್ಗಿದ ಓದುಗನಿಗೆ ಕಿಟ್ಟೆಲ್ ಎಂಬುದೇ ಸ್ವಂತ ಹೆಸರಿನಂತೆ ತೋರುತ್ತದೆ.

ಮಿಷನರಿಗಳ ವ್ಯಕ್ತಿನಾಮಗಳನ್ನು ಸ್ಥಳೀಯರು ಸ್ವೀಕರಿಸಿದ ನಿದರ್ಶನಗಳೂ ಇವೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಅವರು 1844ರಲ್ಲಿ ದೀಕ್ಷಾಸ್ನಾನ ಪಡೆದು, 'ಮಂಗಳೂರ ಸಮಾಚಾರ' ಪತ್ರಿಕೆಯ ಸಂಪಾದಕ ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಹರ್ಮನ್ ಎಂಬುದು ಹೀಗೆ ಒಬ್ಬ ವ್ಯಕ್ತಿಯಿಂದ ಮತ್ತೊಬ್ಬರಿಗೆ ವ್ಯಕ್ತಿನಾಮವಾಗಿಯೇ ದಾಟಿತು. ಫರ್ಡಿನಾಂಡ್ ಪೋರ್ಚುಗೀಸರ ದಾರಿಯಲ್ಲಿ ಅಡ್ಡಹೆಸರಾಗಿ ಮಾರ್ಪಟ್ಟಿತು. ಜರ್ಮನರ ದಾರಿಯಲ್ಲಿ ಅಡ್ಡಹೆಸರಿನ ಹಿಂದೆ ಮರೆಯಾಯಿತು.

ಈ ಹೆಸರಿನ ಪ್ರಸಿದ್ಧ ವ್ಯಕ್ತಿಗಳು

• ಫರ್ಡಿನಾಂಡ್ ಮೆಗಲನ್ (ನಿಧನ 1521) – ಪೋರ್ಚುಗೀಸ್ ನಾವಿಕ. ಮೂಲ ರೂಪ ಫೆರ್ನಾವ್
• ಫರ್ಡಿನಾಂಡ್ ಕ್ರಿಶ್ಚಿಯನ್ ಬೌರ್ (1792–1860) – ಟ್ಯೂಬಿಂಗನ್‌ನ ಪ್ರಾಟೆಸ್ಟಂಟ್ ದೇವತಾಶಾಸ್ತ್ರಜ್ಞ
• ಫರ್ಡಿನಾಂಡ್ ಲಸಾಲ್ (1825–1864) – ಜರ್ಮನ್ ಸಮಾಜವಾದಿ ನಾಯಕ
• ಫರ್ಡಿನಾಂಡ್ ಕಿಟ್ಟೆಲ್ (1832–1903) – ಕನ್ನಡ ನಿಘಂಟುಕಾರ
• ಫರ್ಡಿನಾಂಡ್ ಫಾನ್ ಜೆಪ್ಪೆಲಿನ್ (1838–1917) – ವಾಯುನೌಕೆಗಳ ನಿರ್ಮಾಪಕ
• ಕಾರ್ಲ್ ಫರ್ಡಿನಾಂಡ್ ಬ್ರೌನ್ (1850–1918) – ಭೌತವಿಜ್ಞಾನಿ. 1909ರ ನೊಬೆಲ್ ಪ್ರಶಸ್ತಿ ಪುರಸ್ಕೃತ
• ಫರ್ಡಿನಾಂಡ್ ಡಿ ಸಸ್ಯೂರ್ (1857–1913) – ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ
• ಫ್ರಾನ್ಜ್ ಫರ್ಡಿನಾಂಡ್ (1863–1914) – ಆಸ್ಟ್ರಿಯಾದ ಯುವರಾಜ. ಈತನ ಹತ್ಯೆಯು ಮೊದಲನೆಯ ಮಹಾಯುದ್ಧಕ್ಕೆ ತಕ್ಷಣದ ಕಾರಣವಾಯಿತು
• ಫರ್ಡಿನಾಂಡ್ ಪೋರ್ಷೆ (1875–1951) – ಮೋಟಾರು ವಾಹನಗಳ ವಿನ್ಯಾಸಕಾರ